ಕಾಗಿಣಾ ತೀರದ ಅರಸು

ವಾಡಿ ಜಂಕ್ಷನ್ನಿನಿಂದ ಹೈದರಾಬಾದಿನತ್ತ ಹೊರಟ ರೈಲು ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲ್ಲಿಳಿದು ಊರಿನ ದಾರಿ ಹಿಡಿದಾಗಲೆಲ್ಲ ನನಗೆ ಒಂದೇ ಸೋಜಿಗ. ಬಾಗ್ದಾದಿನ ಖಲೀಫ ಹಾಗೂ ಚೀನಾ, ರೋಮ್ ಚಕ್ರವರ್ತಿಗಳ ಸಾಲಿನಲ್ಲಿ ಒಂಬತ್ತನೆಯ ಶತಮಾನದ ಅರಬ್ ವರ್ತಕ ಸುಲೈಮಾನನು ಹೆಸರಿಸಿದ ದೊರೆಯ ರಾಜಧಾನಿ ಇದೇ ಮಾನ್ಯಖೇಟ. ಇಂದು ಅದು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಕಾಗಿಣಾ ದಂಡೆಯಲ್ಲಿ ಕುಸಿದ ಕೋಟೆ, ನೇಮಿನಾಥ ಬಸದಿ, ಸುತ್ತಲೂ ತೊಗರಿಯ ಹೊಲ, ಅದರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು.

ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಮಗ ಅಮೋಘವರ್ಷ ನೃಪತುಂಗ 814ರಲ್ಲಿ ಪಟ್ಟವೇರಿದಾಗ ಇನ್ನೂ ಬಾಲಕ. ಸಾಮಂತರು ದಂಗೆಯೆದ್ದರು, ಗುಜರಾತ್ ಶಾಖೆಯ ಕರ್ಕನ ನೆರವಿನಿಂದ ಸಿಂಹಾಸನ ಮರಳಿ ದೊರೆಯಿತು. ವೆಂಗಿಯ ಚಾಲುಕ್ಯರೊಡನೆ ಕಾದಿದ, ಗಂಗರ ಮೇಲೆ ಬಂಕೇಶನನ್ನು ಕಳುಹಿಸಿದ, ಕೊನೆಗೆ ಗಂಗರ ಬೂತುಗನಿಗೆ ಮಗಳನ್ನು ಕೊಟ್ಟು ಹಗೆ ತೀರಿಸಿಕೊಂಡ. ಸುಮಾರು 64 ವರ್ಷ ಆಳಿದ ಈ ಅರಸನ ಕೈಗೆ ನೆತ್ತರು ಅಂಟಿರಲಿಲ್ಲವೆಂದು ಹೇಳುವುದು ಚರಿತ್ರೆಗೆ ಬಗೆವ ಅಪಚಾರ. ಅವನನ್ನು ಪರಿಸರವಾದಿಯೆಂದು ಕರೆಯುವ ಉತ್ಸಾಹವೂ ನನಗಿಲ್ಲ.

ಆದರೂ ಆದಿಪುರಾಣದ ಕರ್ತೃ ಜಿನಸೇನಾಚಾರ್ಯರ ಪಾದಕ್ಕೆರಗಿ ತಾನು ಪವಿತ್ರನಾದೆನೆಂದು ಭಾವಿಸಿದ ದೊರೆ ಅವನು. ಜೈನರ ದೃಷ್ಟಿಯಲ್ಲಿ ಮಣ್ಣಿಗೆ, ನೀರಿಗೆ, ಗಿಡಮರಕ್ಕೆ ಜೀವವಿದೆ. ಅವು ಏಕೇಂದ್ರಿಯ ಜೀವಿಗಳು. ಸಂಸಾರಿಗಳಾದ ಶ್ರಾವಕರಿಗೆ ಸಂಪೂರ್ಣ ಅಹಿಂಸೆ ಅಸಾಧ್ಯವೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಹಾಗಾಗಿ ಅನರ್ಥದಂಡವಿರತಿ ಎಂಬ ವ್ರತವನ್ನು ವಿಧಿಸಿದರು. ಪ್ರಯೋಜನವಿಲ್ಲದೆ ನೆಲ ಅಗೆಯಬಾರದು, ನೀರು ಚೆಲ್ಲಬಾರದು, ಬೆಂಕಿ ಹಚ್ಚಬಾರದು, ಗಿಡ ಕಡಿಯಬಾರದು. ಇಷ್ಟು ವ್ಯಾವಹಾರಿಕವಾದ ಧರ್ಮಸೂತ್ರ ಅಪರೂಪ.

ಈ ವಿಚಾರ ಆಸ್ಥಾನವನ್ನೂ ಮುಟ್ಟಿತ್ತು. ಕಲ್ಯಾಣಕಾರಕವೆಂಬ ವೈದ್ಯಗ್ರಂಥ ಬರೆದ ಉಗ್ರಾದಿತ್ಯಾಚಾರ್ಯರು ಔಷಧಕ್ಕೆ ಮಾಂಸ ಬೇಡವೆಂದು ನೃಪತುಂಗನ ಸಭೆಯಲ್ಲಿ ವೈದ್ಯರೆದುರು ವಾದಿಸಿದರು. ಮಹಾವೀರಾಚಾರ್ಯರ ಗಣಿತಸಾರಸಂಗ್ರಹ, ಶಾಕಟಾಯನನ ವ್ಯಾಕರಣ, ಶ್ರೀವಿಜಯನ ಕವಿರಾಜಮಾರ್ಗ ಅದೇ ಕಾಲದವು. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂದು ಕವಿರಾಜಮಾರ್ಗ ಹೇಳಿದ್ದನ್ನು ಕನ್ನಡಿಗರು ಬಲ್ಲರು.

ನನ್ನನ್ನು ಹೆಚ್ಚು ಕಾಡುವುದು 871ರ ಸಂಜಾನ್ ತಾಮ್ರಶಾಸನದ ಸಂಗತಿ. ಪ್ರಜೆಗಳಿಗೊದಗಿದ ವಿಪತ್ತು ನೀಗಲೆಂದು ಈ ಜೈನ ದೊರೆ ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಕೋಣವಲ್ಲ, ಕುರಿಯಲ್ಲ, ತನ್ನದೇ ಬೆರಳು. ನಾಡಿನ ಕಷ್ಟದ ಬೆಲೆಯನ್ನು ಬೇರೊಂದು ಜೀವದಿಂದ ವಸೂಲು ಮಾಡದ ಅರಸುತನವನ್ನು ನಾನು ಅದರಲ್ಲಿ ಕಾಣುತ್ತೇನೆ. ಇಳಿವಯಸ್ಸಿನಲ್ಲಿ ಅವನು ವಿವೇಕದಿಂದ ರಾಜ್ಯವನ್ನೇ ತ್ಯಜಿಸಿದನೆಂದು ಅವನದೆನ್ನಲಾಗುವ ಪ್ರಶ್ನೋತ್ತರ ರತ್ನಮಾಲಿಕೆ ತಿಳಿಸುತ್ತದೆ.

ಅವನ ರಾಜಧಾನಿಯ ಸುತ್ತಣ ನೆಲವೆಲ್ಲ ಸುಣ್ಣಕಲ್ಲು. ಶಹಾಬಾದಿನ ಪರಸಿ ನಮ್ಮ ಮನೆಯಂಗಳದಲ್ಲಿದೆ, ಈ ಸೀಮೆಯ ಸಿಮೆಂಟು ನಮ್ಮ ತಾರಸಿಯಲ್ಲಿದೆ. ಬೆರಳು ತೋರಿಸಲು ನಾನು ಹೊರಗಿನವನಲ್ಲ. ದುಡಿಯುವ ಕೈಗಳಿಗೆ ಅನ್ನವೂ ಇದೇ ಕಲ್ಲಿನಿಂದ. ಆದರೆ ತೆಗೆದಾದ ಮೇಲೆ ಗುಂಡಿಯನ್ನು ಹಾಗೆಯೇ ಬಿಟ್ಟುಹೋಗುವುದು, ತೊಗರಿಯೆಲೆಯ ಮೇಲೆ ದೂಳು ಕೂರುವುದು ಯಾವ ಪ್ರಯೋಜನಕ್ಕೆ? ಹಳೆಯ ವ್ರತ ಕೇಳುವ ಪ್ರಶ್ನೆ ಇಷ್ಟೇ.

ಚಿಂಚೋಳಿಯಲ್ಲಿ ಉಳಿದ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬಗಳಿಗೆ ಅಲ್ಲಿನ್ನೂ ಎಡೆಯುಂಟು. ಆ ಕಡೆಯಿಂದ ಇಳಿಯುವ ಮುಲ್ಲಾಮಾರಿ ಕಾಗಿಣೆಯನ್ನೇ ಕೂಡಿಕೊಳ್ಳುತ್ತದೆ. ಕಾಗಿಣಾ ನೃಪತುಂಗನ ಕೋಟೆಗೋಡೆಯ ಪಕ್ಕದಲ್ಲಿ ಹಾದು ಶಹಾಬಾದಿನ ಬಳಿ ಭೀಮೆಗೆ ಸೇರುತ್ತದೆ.