ಕೌಡೂರಿನ ಹೆಗ್ಡೆಯವರೂ ನಮ್ಮ ಆಫರ್ ಲೆಟರೂ

ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಹಾಸ್ಟೆಲ್‌ನಲ್ಲಿ ಪ್ಯಾಕೇಜ್‌ನದ್ದೇ ಮಾತು. ಆಫರ್ ಲೆಟರಿನ ಕೊನೆಯ ಪುಟವನ್ನು ಮಾತ್ರ ನಾವು ಓದೋದೇ ಕಡಿಮೆ. ಕೆಲಸ ಬಿಟ್ಟ ಮೇಲೆ ಇಂತಿಷ್ಟು ಕಾಲ ಪ್ರತಿಸ್ಪರ್ಧಿ ಕಂಪನಿಗೆ ಸೇರುವಂತಿಲ್ಲ ಅನ್ನೋ ಷರತ್ತು ಅಲ್ಲೇ ಎಲ್ಲೋ ಕೂತಿರುತ್ತೆ. ಕಲಿತ ಕಸುಬಿಗೆ ಮರಳಬೇಡ ಅಂದರೆ ಮನುಷ್ಯ ಏನು ಮಾಡಬೇಕು? 63ನೇ ವಯಸ್ಸಿನಲ್ಲಿ ಈ ಪ್ರಶ್ನೆ ಎದುರಿಸಿದವರು ನಮ್ಮ ಪಕ್ಕದ ಊರಿನವರೇ: ಕೌಡೂರು ಸದಾನಂದ ಹೆಗ್ಡೆ.

ಕಾರ್ಕಳ ತಾಲೂಕಿನ ಕೌಡೂರಿನಲ್ಲಿ 1909ರ ಜೂನ್ 11ರಂದು ಹುಟ್ಟಿದ ಅವರು ಮಂಗಳೂರು, ಮದರಾಸುಗಳಲ್ಲಿ ಓದಿ ವಕೀಲರಾದರು. 1952ರಲ್ಲಿ ರಾಜ್ಯಸಭೆ, 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶಗಿರಿ, 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಪದವಿ, 1967ರಲ್ಲಿ ಸುಪ್ರೀಂ ಕೋರ್ಟ್.

1973ರ ಏಪ್ರಿಲ್ 24ರಂದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದ ಏಳು ನ್ಯಾಯಮೂರ್ತಿಗಳಲ್ಲಿ ಹೆಗ್ಡೆ ಒಬ್ಬರು. ಬೆನ್ನಿಗೇ ಸರ್ಕಾರ ಶೆಲಟ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು.

ಸರಿ, ಮತ್ತೆ ಕರಿಕೋಟು ಹಾಕಿ ವಾದ ಮಾಡಬಹುದಿತ್ತಲ್ವಾ? ಆಗೋದಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದವರು ಭಾರತದ ಯಾವ ಕೋರ್ಟಿನಲ್ಲೂ ವಕಾಲತ್ತು ಮಾಡಬಾರದು ಅನ್ನುತ್ತೆ ಸಂವಿಧಾನದ 124(7)ನೇ ವಿಧಿ. ಕೂತಿದ್ದ ಪೀಠದ ಮುಂದೆಯೇ ನಿಂತು ವಾದಿಸಿದರೆ ನ್ಯಾಯದ ಮೇಲೆ ಜನರ ನಂಬಿಕೆ ಉಳಿಯುತ್ತಾ? ಹಾಗಾಗಿ ಈ ನಿರ್ಬಂಧಕ್ಕೊಂದು ಅರ್ಥ ಇದೆ.

ಆದರೆ ಕಂಪನಿ ಸಂವಿಧಾನ ಅಲ್ಲ. ಯಾರನ್ನೇ ಆಗಲಿ ಕಾನೂನುಬದ್ಧ ಉದ್ಯೋಗದಿಂದ ತಡೆಯುವ ಒಪ್ಪಂದ ಆ ಮಟ್ಟಿಗೆ ಅನೂರ್ಜಿತ ಅನ್ನುತ್ತೆ 1872ರ ಕರಾರು ಕಾಯ್ದೆಯ 27ನೇ ಕಲಂ. ಹಾಗಂತ ಪೂರ್ತಿ ನಿರಾಳವಾಗೋ ಹಾಗೂ ಇಲ್ಲ. ಹೆಗ್ಡೆಯವರ ಜೊತೆ ರಾಜೀನಾಮೆ ಕೊಟ್ಟ ಅದೇ ಶೆಲಟ್ 1967ರಲ್ಲಿ ಗೋಲಿಕರಿ ಪ್ರಕರಣದ ತೀರ್ಪು ಬರೆದಿದ್ದರು. ಕಲ್ಯಾಣದ ರೇಯಾನ್ ಕಾರ್ಖಾನೆಯಲ್ಲಿ ತರಬೇತಿ ಪಡೆದ ಶಿಫ್ಟ್ ಸೂಪರ್‌ವೈಸರ್ ಒಬ್ಬರು ಐದು ವರ್ಷದ ಕರಾರು ಮುಗಿಯುವ ಮೊದಲೇ ಕೋಟಾದ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದ್ದರು. ಕರಾರಿನ ಅವಧಿಯೊಳಗಿನ ತಡೆ ಸಿಂಧು ಎಂದಿತು ಕೋರ್ಟು. ಅವಧಿ ಮುಗಿದ ಮೇಲಿನ ತಡೆ ನಮ್ಮಲ್ಲಿ ನಿಲ್ಲೋದಿಲ್ಲ. 2006ರ ಜಹೀರ್ ಖಾನ್ ಪ್ರಕರಣದಲ್ಲೂ ಅದೇ ಆಯ್ತು. ಬಾಂಡ್ ಬೇರೆ ಮಾತು: ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಮೂರು ವರ್ಷದ, 2 ಲಕ್ಷ ರೂಪಾಯಿಯ ಬಾಂಡನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಕಂಪನಿಯ ಗುಟ್ಟುಗಳನ್ನು ಹೊತ್ತೊಯ್ಯುವ ಹಕ್ಕೂ ನಮಗಿಲ್ಲ. ಕೈಗೆ ಹತ್ತಿದ ಕೌಶಲ ಮಾತ್ರ ನಮ್ಮದೇ.

ಹೆಗ್ಡೆಯವರು ಸುಮ್ಮನೆ ಕೂರಲಿಲ್ಲ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಕಟ್ಟಿದರು. 1986ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. 1990ರ ಮೇ 24ರಂದು ತೀರಿಕೊಂಡರು.

ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಬೆಳ್ಮಣ್ ದಾಟಿದ ಮೇಲೆ ಆ ಕಾಲೇಜಿನ ಮುಂದೆಯೇ ಹೋಗುತ್ತೆ. ಒಂದು ಬಾಗಿಲು ಮುಚ್ಚಿದಾಗ ಅವರ ಹತ್ತಿರ ಹೆಸರಿತ್ತು, ಅನುಭವ ಇತ್ತು. 22ರ ಹರೆಯದ ನಮ್ಮ ಹತ್ತಿರ ಇರೋದು ಕಲಿತದ್ದು ಮಾತ್ರ. ಹಾಗಾಗಿ ಸಹಿ ಹಾಕೋ ಮೊದಲು ಕೊನೆಯ ಪುಟ ಓದೋಣ: ತಡೆ ಎಲ್ಲಿಯವರೆಗೆ, ಬಾಂಡ್ ಎಷ್ಟು ಅಂತ ಕೇಳೋಣ.