ಗೊರಿಲ್ಲಾಗಳ ಒಡನಾಡಿ

ವಿಜಯಪುರದಿಂದ ತಿಕೋಟಾದ ಕಡೆಗಾಗಲಿ ಬಬಲೇಶ್ವರದ ಕಡೆಗಾಗಲಿ ಹೊರಟವರಿಗೆ ಇಕ್ಕೆಲಗಳಲ್ಲಿಯೂ ಕಾಣುವುದು ಕಣ್ಣು ಹಾಯುವಷ್ಟು ದೂರ ಹರಡಿದ ಬಯಲು. ಜೋಳದ ಹೊಲಗಳು, ದ್ರಾಕ್ಷಿಯ ತೋಟಗಳು, ಅಲ್ಲೊಂದು ಇಲ್ಲೊಂದು ಬೇವಿನ ಮರದ ನೆರಳು. ಮಳೆ ಕೈಕೊಟ್ಟ ವರ್ಷ ಅದೂ ಬಣಗುಡುವ ನೆಲವೇ. ಇಂಥ ನಾಡಿನಲ್ಲಿ ಬೆಳೆದವರಿಗೆ ಸದಾ ಮಳೆ ಮಂಜುಗಳಲ್ಲಿ ನೆನೆಯುತ್ತಿರುವ ಕಾಡೊಂದನ್ನು ಊಹಿಸಿಕೊಳ್ಳುವುದು ಸುಲಭವಲ್ಲ. ಆಫ್ರಿಕಾ ಖಂಡದ ನಡುಭಾಗದಲ್ಲಿ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗಿಂತಲೂ ಒಂದು ಸಾವಿರ ಮೀಟರಿನಷ್ಟು ಮೇಲೆ ಅಂಥ ಕಾಡೊಂದಿದೆ. ತನ್ನ ಬಾಳಿನ ಕೊನೆಯ ಹದಿನೆಂಟು ವರ್ಷಗಳ ಬಹುಭಾಗವನ್ನು ಅಲ್ಲಿ ಕಳೆದು, ಅಲ್ಲಿಯೇ ಮಣ್ಣಾದವಳು ಡಯಾನ್ ಫಾಸಿ.

ಡಯಾನ್ 1932ರ ಜನವರಿ 16ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದಳು. ಆಕೆ ಚಿಕ್ಕವಳಿರುವಾಗಲೇ ತಂದೆತಾಯಿಗಳು ಬೇರೆಯಾದರು. ಮಲತಂದೆಯ ಮನೆಯಲ್ಲಿ ಊಟವುಡುಗೆಗಳಿಗೆ ಕೊರತೆಯಿರಲಿಲ್ಲ, ಅಕ್ಕರೆಗೆ ಇತ್ತು. ಆ ಕೊರತೆಯನ್ನು ಬಾಲಕಿ ಕುದುರೆಗಳ ಸಂಗದಲ್ಲಿ ತುಂಬಿಕೊಂಡಳು. ಪಶುವೈದ್ಯಳಾಗಬೇಕೆಂಬ ಹಂಬಲದಿಂದ ಕಾಲೇಜು ಸೇರಿದಳಾದರೂ ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ತೇರ್ಗಡೆಯಾಗಲಿಲ್ಲ. ಕೊನೆಗೆ ಅಂಗವಿಕಲರಿಗೆ ಕೈಕೆಲಸಗಳ ಮೂಲಕ ಚಿಕಿತ್ಸೆ ನೀಡುವ ಶಾಸ್ತ್ರವನ್ನು ಕಲಿತು, 1954ರಲ್ಲಿ ಪದವಿ ಪಡೆದು, ಲೂಯಿವಿಲ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ನಿಂತಳು. ಅಂಜಿ ಮುದುಡಿದ ಮಕ್ಕಳ ವಿಶ್ವಾಸವನ್ನು ತಾಳ್ಮೆಯಿಂದ ಗಳಿಸುವ ವಿದ್ಯೆಯನ್ನು ಆಕೆ ಅಲ್ಲಿ ಕಲಿತಳು. ಮುಂದೆ ಕಾಡಿನಲ್ಲಿ ಆಕೆಯ ಕೈಹಿಡಿದದ್ದು ಇದೇ ವಿದ್ಯೆ.

1963ರಲ್ಲಿ ಸಾಲಮಾಡಿ ಆಕೆ ಆಫ್ರಿಕಾ ಪ್ರವಾಸ ಕೈಗೊಂಡಳು. ಪ್ರಾಚೀನ ಮಾನವನ ಅವಶೇಷಗಳನ್ನು ಅಗೆದು ತೆಗೆಯುತ್ತಿದ್ದ ಲೂಯಿ ಲೀಕಿ ಎಂಬ ವಿದ್ವಾಂಸನನ್ನು ಭೇಟಿಮಾಡಿದ ಸಮಯದಲ್ಲಿ ಜಾರಿಬಿದ್ದು ಪಾದ ಉಳುಕಿಸಿಕೊಂಡಳು. ಉಳುಕಿದ ಕಾಲಿನಲ್ಲಿಯೇ ಬೆಟ್ಟ ಹತ್ತಿ ಗೊರಿಲ್ಲಾಗಳನ್ನು ಕಂಡಳು. ಊರಿಗೆ ಮರಳಿದ ಮೇಲೂ ಆ ನೋಟ ಮನಸ್ಸನ್ನು ಬಿಡಲಿಲ್ಲ. 1966ರಲ್ಲಿ ಲೀಕಿ ಲೂಯಿವಿಲ್‌ಗೆ ಉಪನ್ಯಾಸಕ್ಕೆಂದು ಬಂದಾಗ, ಗೊರಿಲ್ಲಾಗಳ ಅಧ್ಯಯನಕ್ಕೆ ತಕ್ಕ ವ್ಯಕ್ತಿ ಈಕೆಯೇ ಎಂದು ನಿರ್ಧರಿಸಿದನು. ಆದರೆ ವೈದ್ಯರಿಲ್ಲದ ಕಾಡಿಗೆ ಹೋಗುವ ಮೊದಲು ಕರುಳುಬಾಲವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಳ್ಳಬೇಕೆಂದು ಹೇಳಿದನು. ಆಕೆ ತೆಗೆಸಿಕೊಂಡಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಲೀಕಿಯ ಪತ್ರ ಕಾದಿತ್ತು: ಶಸ್ತ್ರಚಿಕಿತ್ಸೆಯ ಅಗತ್ಯವೇನೂ ಇರಲಿಲ್ಲ, ಆಕೆಯ ಸಂಕಲ್ಪ ಎಷ್ಟು ಗಟ್ಟಿಯೆಂಬುದನ್ನು ಆತ ಪರೀಕ್ಷಿಸಿದ್ದನಷ್ಟೆ! ವಿನೋದವೇನೋ ಹೌದು, ತುಸು ಕ್ರೂರವಾದ ವಿನೋದ.

1967ರ ಆರಂಭದಲ್ಲಿ ಕಾಂಗೋ ದೇಶದ ಕಬಾರ ಎಂಬಲ್ಲಿ ಆಕೆಯ ಕೆಲಸ ಮೊದಲಾಯಿತು. ಆರು ತಿಂಗಳೊಳಗೆ ಅಂತರ್ಯುದ್ಧದ ಕಿಡಿ ಬೆಟ್ಟಕ್ಕೂ ತಾಗಿತು. ಸೈನಿಕರು ಆಕೆಯನ್ನು ಕೆಳಗಿಳಿಸಿ ಬಂಧನದಲ್ಲಿಟ್ಟರು. ಹೇಗೋ ಪಾರಾಗಿ ಉಗಾಂಡಕ್ಕೆ ತಪ್ಪಿಸಿಕೊಂಡವಳು ಮನೆಯ ದಾರಿ ಹಿಡಿಯಲಿಲ್ಲ. ಅದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ, ರುವಾಂಡ ದೇಶಕ್ಕೆ ಬಂದು, ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ನಡುವೆ 1967ರ ಸೆಪ್ಟೆಂಬರ್ 24ರಂದು ಡೇರೆ ಹಾಕಿದಳು. ಎರಡೂ ಹೆಸರುಗಳನ್ನು ಕೂಡಿಸಿ ಆ ನೆಲೆಗೆ ಕರಿಸೋಕೆ ಎಂದು ಹೆಸರಿಟ್ಟಳು. ಸ್ಥಳೀಯರು ಆಕೆಯನ್ನು ಬೆಟ್ಟದ ಮೇಲೆ ಒಂಟಿಯಾಗಿ ಬಾಳುವ ಹೆಂಗಸು ಎಂಬ ಅರ್ಥದ ಹೆಸರಿನಿಂದ ಕರೆಯತೊಡಗಿದರು.

ಮೈಸೂರಿನ ಮೃಗಾಲಯವನ್ನು ನೋಡಿದವರಿಗೆ ಗೊರಿಲ್ಲಾ ಅಪರಿಚಿತವಲ್ಲ. ಪೋಲೋ ಎಂಬ ಗೊರಿಲ್ಲಾ 2014ರಲ್ಲಿ ಸಾಯುವವರೆಗೂ ಅಲ್ಲಿ ಒಂಟಿಯಾಗಿ ಬಾಳಿತು. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಇವೆಲ್ಲ ತಗ್ಗುನಾಡಿನ ಗೊರಿಲ್ಲಾಗಳು. ಫಾಸಿ ಅರಸಿ ಹೋದದ್ದು ಇವುಗಳ ದಾಯಾದಿಗಳಾದ, ದಟ್ಟ ರೋಮದ ಬೆಟ್ಟದ ಗೊರಿಲ್ಲಾಗಳನ್ನು. ಇವು ಜಗತ್ತಿನ ಯಾವ ಮೃಗಾಲಯದಲ್ಲಿಯೂ ಇಲ್ಲ. ಚಲನಚಿತ್ರಗಳು ಗೊರಿಲ್ಲಾವನ್ನು ಎದೆ ಬಡಿದು ಆರ್ಭಟಿಸುವ ರಾಕ್ಷಸನಂತೆ ತೋರಿಸಿದ್ದ ಕಾಲವದು. ಫಾಸಿ ಕಂಡದ್ದೇ ಬೇರೆ. ಸೊಪ್ಪು, ದಂಟು, ಎಳೆಬಿದಿರು ತಿಂದು, ಮಧ್ಯಾಹ್ನ ಮಕ್ಕಳನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗುವ ಸಂಸಾರಿಗಳವು. ಬೆನ್ನಿನ ರೋಮ ಬೆಳ್ಳಗಾದ ಹಿರಿಯ ಗಂಡು ಕುಟುಂಬದ ಯಜಮಾನ. ಅವುಗಳ ನಂಬಿಕೆ ಗಳಿಸಲು ಫಾಸಿ ಅವುಗಳಂತೆಯೇ ನೆಲಕ್ಕೆ ಕೈಯೂರಿ ನಡೆದಳು, ಮೈ ಕೆರೆದುಕೊಂಡಳು, ಕಾಡುದಂಟನ್ನು ಜಗಿದಳು, ತೃಪ್ತಿಯಾದಾಗ ಅವು ಹೊರಡಿಸುವ ತೇಗಿನಂಥ ದನಿಯನ್ನು ಅನುಕರಿಸಿದಳು. ಮೂಗಿನ ಮೇಲಿನ ಗೆರೆಗಳಿಂದ ಒಂದೊಂದನ್ನೂ ಗುರುತಿಸಿ ಹೆಸರಿಟ್ಟಳು. ಸುಮಾರು ಮೂರು ವರ್ಷಗಳ ಕಾಯುವಿಕೆಯ ಅನಂತರ, ಪೀನಟ್ಸ್ ಎಂಬ ಗಂಡು ಗೊರಿಲ್ಲಾ ತಾನಾಗಿಯೇ ಕೈಚಾಚಿ ಆಕೆಯ ಬೆರಳುಗಳನ್ನು ಮುಟ್ಟಿತು. ಕಾಲೇಜಿನಲ್ಲಿ ವಿಜ್ಞಾನದ ಪರೀಕ್ಷೆಗಳಲ್ಲಿ ಸೋತಿದ್ದವಳಿಗೆ ಮುಂದೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಡಾಕ್ಟರೇಟ್ ಪದವಿಯನ್ನು ನೀಡಿತು.

ಆದರೆ ನೋಡುತ್ತ ಕುಳಿತರೆ ನೋಡಲು ಗೊರಿಲ್ಲಾಗಳೇ ಉಳಿಯವು ಎಂಬುದು ಆಕೆಗೆ ಬೇಗನೆ ಮನವರಿಕೆಯಾಯಿತು. ಜಿಂಕೆಗಳಿಗೆಂದು ಬೇಟೆಗಾರರು ಒಡ್ಡುತ್ತಿದ್ದ ಉರುಲುಗಳಲ್ಲಿ ಗೊರಿಲ್ಲಾಗಳ ಕೈಕಾಲು ಸಿಲುಕಿ ಕೊಳೆತುಹೋಗುತ್ತಿದ್ದವು. ಕೀಟನಾಶಕಕ್ಕೆ ಬೇಕಾದ, ಸೇವಂತಿಗೆಯ ಜಾತಿಯ ಹೂವಿನ ಬೆಳೆಗಾಗಿ 1960ರ ದಶಕದ ಕೊನೆಯಲ್ಲಿ ರುವಾಂಡದ ಅಭಯಾರಣ್ಯದ ಹೆಚ್ಚುಕಡಮೆ ಐದರಲ್ಲಿ ಎರಡು ಪಾಲನ್ನು ಕಡಿದು ಹೊಲಮಾಡಲಾಗಿತ್ತು. ಉಳಿದ ಕಾಡಿಗೆ ದನಗಳು ನುಗ್ಗುತ್ತಿದ್ದವು. ಶರಾವತಿ ಕಣಿವೆಯಲ್ಲಿ ಕಾಡು ತುಂಡುತುಂಡಾದಾಗ ಸಿಂಗಳೀಕಗಳಿಗೆ ಒದಗಿದ ಇಕ್ಕಟ್ಟೇ ಇಲ್ಲಿಯೂ. 1969ರಲ್ಲಿ ಜರ್ಮನಿಯ ಕಲೋನ್ ಮೃಗಾಲಯಕ್ಕೆಂದು ಎರಡು ಮರಿಗಳನ್ನು ಹಿಡಿಯಲಾಯಿತು. ಮರಿಯನ್ನು ಹಿಡಿಯಬೇಕಾದರೆ ಅದನ್ನು ಕಾಯಲು ಮುನ್ನುಗ್ಗುವ ಹಿರಿಯರನ್ನು ಕೊಲ್ಲಬೇಕು. ಸಾಯುವ ಸ್ಥಿತಿಯಲ್ಲಿದ್ದ ಆ ಮರಿಗಳನ್ನು ಫಾಸಿ ತನ್ನ ಗುಡಿಸಿಲಿನಲ್ಲಿಟ್ಟುಕೊಂಡು ಬದುಕಿಸಿದಳು. ಚೇತರಿಸಿಕೊಂಡ ಮೇಲೆ ಅವುಗಳನ್ನು ಆಕೆಯಿಂದ ಪಡೆದು ಕಲೋನ್‌ಗೆ ಸಾಗಿಸಲಾಯಿತು. 1978ರಲ್ಲಿ ಎರಡೂ ಸತ್ತವು.

ಅದಕ್ಕಿಂತ ದೊಡ್ಡ ಆಘಾತ 1977ರ ಡಿಸೆಂಬರ್ 31ರಂದು ಬಂದಿತು. ಡೊಂಕು ಬೆರಳಿನಿಂದಾಗಿ ಡಿಜಿಟ್ ಎಂಬ ಹೆಸರು ಪಡೆದಿದ್ದ ಗೊರಿಲ್ಲಾವನ್ನು ಫಾಸಿ ಮರಿಯಾಗಿದ್ದಾಗಿನಿಂದ ಬಲ್ಲಳು. ಅಂದು ಬೇಟೆಗಾರರೂ ನಾಯಿಗಳೂ ಎದುರಾದಾಗ ಡಿಜಿಟ್ ತಾನೊಬ್ಬನೇ ಅಡ್ಡನಿಂತು, ಕುಟುಂಬ ತಪ್ಪಿಸಿಕೊಳ್ಳುವಷ್ಟು ಹೊತ್ತು ಕಾದಾಡಿ, ಈಟಿಗಳ ಇರಿತದಿಂದ ಸತ್ತಿತು. ಬೇಟೆಗಾರರು ಅದರ ತಲೆಯನ್ನೂ ಕೈಗಳನ್ನೂ ಕತ್ತರಿಸಿಕೊಂಡು ಹೋದರು. ಗೊರಿಲ್ಲಾದ ಕೈಯನ್ನು ಬೂದಿಬಟ್ಟಲು ಮಾಡಿ ಮೇಜಿನ ಮೇಲಿಟ್ಟುಕೊಳ್ಳುವ ಶ್ರೀಮಂತರಿದ್ದರು.

ಆ ದಿನದಿಂದ ಫಾಸಿ ಬೇರೆಯೇ ವ್ಯಕ್ತಿಯಾದಳು. ಡಿಜಿಟ್‌ನ ಹೆಸರಿನಲ್ಲಿ ನಿಧಿಯೊಂದನ್ನು ಕೂಡಿಸಿ ಕಾವಲುಪಡೆ ಕಟ್ಟಿದಳು. 1979ರ ನಾಲ್ಕೇ ತಿಂಗಳಲ್ಲಿ ನಾಲ್ವರು ಆಫ್ರಿಕನ್ ಕಾವಲುಗಾರರು 987 ಉರುಲುಗಳನ್ನು ಕಿತ್ತರು. ಇದು ಶ್ಲಾಘ್ಯ. ಆದರೆ ಸೆರೆಸಿಕ್ಕ ಬೇಟೆಗಾರರನ್ನು ಹಿಂಸಿಸಿದ್ದು, ಬಡವರ ದನಗಳಿಗೆ ಗುಂಡು ಹೊಡೆದದ್ದು ಶ್ಲಾಘ್ಯವೆನ್ನಲಾಗದು. ಬೆಟ್ಟದ ಬುಡದವರೆಗೂ ಅಂಗೈಯಗಲದ ಹೊಲಗಳನ್ನು ನಂಬಿ ಬದುಕುವ ಜನರ ಹಸಿವನ್ನು ಆಕೆ ಸಾಕಷ್ಟು ಅರಿಯಲಿಲ್ಲ. ಪ್ರವಾಸಿಗರನ್ನು ಕಾಡಿಗೆ ಬಿಡುವ ಯೋಜನೆ 1979ರಲ್ಲಿ ಆರಂಭವಾದಾಗ ಅದನ್ನು ಕಟುವಾಗಿ ವಿರೋಧಿಸಿದಳು. ಮನುಷ್ಯರ ನೆಗಡಿ ಕೆಮ್ಮುಗಳೇ ಗೊರಿಲ್ಲಾಗಳಿಗೆ ಮಾರಕವಾಗಬಹುದೆಂಬ ಆಕೆಯ ಭಯ ನಿಜವಾದದ್ದೇ. ಆದರೆ ಮುಂದೆ ಕಾವಲುಗಾರರ ಸಂಬಳಕ್ಕೆ ಹಣ ಒದಗಿದ್ದು ಆ ಪ್ರವಾಸಿಗರಿಂದಲೇ. ಅದರಲ್ಲೊಂದು ಪಾಲು ಈಗ ಸುತ್ತಲಿನ ಹಳ್ಳಿಗಳಿಗೆ ಸಲ್ಲುತ್ತದೆ. ಆಕೆಯ ಭಯಕ್ಕೂ ಬೆಲೆ ಬಂದಿದೆ: ಒಂದು ಕುಟುಂಬವನ್ನು ನೋಡಲು ದಿನಕ್ಕೆ ಎಂಟೇ ಜನ, ಒಂದೇ ಗಂಟೆ, ದೂರದಿಂದ. ಹೀಗೆ ವಿರೋಧಿಗಳಿಬ್ಬರ ಮಾತೂ ಗೊರಿಲ್ಲಾಗಳ ಪಾಲಿಗೆ ಉಪಕಾರವಾಯಿತು.

ಆಕೆ ತನ್ನ ಅನುಭವಗಳನ್ನು ಬರೆದ ಪುಸ್ತಕ 1983ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಓದುಗರನ್ನು ಪಡೆಯಿತು. ಎರಡು ವರ್ಷಗಳ ತರುವಾಯ, 1985ರ ಡಿಸೆಂಬರ್ 26ರ ರಾತ್ರಿ, ಕರಿಸೋಕೆಯ ಗುಡಿಸಿಲಿನಲ್ಲಿ ಯಾರೋ ಆಕೆಯನ್ನು ಮಚ್ಚಿನಿಂದ ಕಡಿದು ಕೊಂದರು. ಕೊಂದವರು ಯಾರೆಂಬುದು ಇಂದಿಗೂ ನಿಸ್ಸಂದೇಹವಾಗಿ ತಿಳಿದಿಲ್ಲ. ಆಗ ಆಕೆಗೆ 53 ವರ್ಷ.

1981ರ ಗಣತಿಯಲ್ಲಿ ಆ ಬೆಟ್ಟಸಾಲಿನಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250. ಒಂದು ಪ್ರೌಢಶಾಲೆಯ ಮಕ್ಕಳಷ್ಟು ಮಾತ್ರ. 2015–16ರ ಗಣತಿಯಲ್ಲಿ ಅವು 604 ಆದವು. ಉಗಾಂಡದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಬೆಟ್ಟದ ಗೊರಿಲ್ಲಾಗಳು ಒಂದು ಸಾವಿರವನ್ನು ದಾಟಿವೆ. ತಗ್ಗುನಾಡಿನ ಗೊರಿಲ್ಲಾಗಳಿಗೆ ಈ ಅದೃಷ್ಟವಿಲ್ಲ. ಮಾಂಸಕ್ಕಾಗಿ ಬೇಟೆ, ಎಬೋಲಾ ರೋಗ, ಮೊಬೈಲ್ ಫೋನುಗಳಿಗೆ ಬೇಕಾದ ಖನಿಜಕ್ಕಾಗಿ ಕಾಂಗೋ ಕಾಡಿನಲ್ಲಿ ನಡೆಯುವ ಗಣಿಗಾರಿಕೆ ಇವು ಅವುಗಳ ಸಂಖ್ಯೆಯನ್ನು ಕುಗ್ಗಿಸುತ್ತಲೇ ಇವೆ.

ಕರಿಸೋಕೆಯ ಗುಡಿಸಿಲುಗಳು 1994ರ ಯುದ್ಧದ ಕಾಲದಲ್ಲಿ ಹಾಳಾದವು. ಸತ್ತ ಗೊರಿಲ್ಲಾಗಳಿಗಾಗಿ ಫಾಸಿ ತನ್ನ ಗುಡಿಸಿಲಿನ ಹತ್ತಿರವೇ ಸ್ಮಶಾನವೊಂದನ್ನು ಮಾಡಿದ್ದಳು. ಅದು ಉಳಿದಿದೆ. ಅಲ್ಲಿ ಡಿಜಿಟ್‌ನ ಸಮಾಧಿಯ ಪಕ್ಕದಲ್ಲಿ ಆಕೆಯನ್ನೂ ಮಣ್ಣುಮಾಡಿದ್ದಾರೆ.