ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು

ವರ್ಷವರ್ಷವೂ ಜನವರಿ ೧೫ನೆಯ ದಿನವನ್ನು ನಮ್ಮ ದೇಶವು ಭೂಸೇನಾ ದಿನವೆಂದು ಆಚರಿಸುತ್ತದೆ. ಅದು ಯುದ್ಧವೊಂದನ್ನು ಗೆದ್ದ ದಿನವಲ್ಲ, ಕೋಟೆಯೊಂದನ್ನು ಹಿಡಿದ ದಿನವೂ ಅಲ್ಲ. ೧೯೪೯ರ ಆ ದಿನ ಜನರಲ್ ರಾಯ್ ಬುಚರ್ ಎಂಬ ಆಂಗ್ಲ ಸೇನಾಧಿಪತಿಯಿಂದ ಭಾರತೀಯರೊಬ್ಬರು ಮೊತ್ತಮೊದಲಿಗೆ ಸೇನೆಯ ಅಧಿಕಾರವನ್ನು ವಹಿಸಿಕೊಂಡರು. ದೇಶವು ಸ್ವತಂತ್ರವಾಗಿ ಆಗಲೇ ೧೭ ತಿಂಗಳು ಸಂದಿದ್ದವು. ಆದರೆ ಸೇನೆಯ ಚುಕ್ಕಾಣಿ ಅಲ್ಲಿಯವರೆಗೂ ಪರಕೀಯರ ಕೈಯಲ್ಲೇ ಇತ್ತು. ಅಂದು ಅದನ್ನು ಹಿಡಿದವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು. ಅವರಿಗೆ ಐವತ್ತು ವರ್ಷ ತುಂಬಲು ಇನ್ನೂ ೧೩ ದಿನಗಳು ಉಳಿದಿದ್ದವು.

ಹಾಲಾಡಿ, ಬಾರಕೂರು, ಬಸರೂರುಗಳ ಸೀಮೆಯನ್ನು ಒಂದು ಕಾಲಕ್ಕೆ ಆಳಿದ ಕೆಳದಿಯ ಅರಸುಮನೆತನಕ್ಕೂ ಕೊಡಗಿಗೂ ಹಳೆಯ ನಂಟುಂಟು. ಕೊಡಗನ್ನಾಳಿದ ಹಾಲೇರಿಯ ವೀರಶೈವ ಅರಸರು ಆ ಮನೆತನದ ಕವಲೆಂದೇ ಚರಿತ್ರಕಾರರು ಹೇಳುತ್ತಾರೆ. ೧೮೩೪ರಲ್ಲಿ ಆ ನಾಡು ಆಂಗ್ಲರ ವಶವಾಯಿತು. ಅರಸೊತ್ತಿಗೆ ಹೋದರೂ ಕೊಡಗರ ಕ್ಷಾತ್ರತೇಜಸ್ಸು ಕುಂದಲಿಲ್ಲ. ಅಂತಹ ನಾಡಿನ ಶನಿವಾರಸಂತೆಯಲ್ಲಿ ೧೮೯೯ರ ಜನವರಿ ೨೮ರಂದು ಕಾರ್ಯಪ್ಪನವರು ಜನಿಸಿದರು. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿ ನೌಕರರು. ಮಡಿಕೇರಿಯಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಓದು ಮುಂದುವರಿಸಿದರು.

ಆ ಕಾಲದಲ್ಲಿ ಭಾರತೀಯ ಸೈನಿಕನು ಎಷ್ಟೇ ಶೂರನಾಗಿದ್ದರೂ ಸಾಮಾನ್ಯವಾಗಿ ಸುಬೇದಾರಿಕೆಯ ಮೆಟ್ಟಿಲನ್ನು ದಾಟುವಂತಿರಲಿಲ್ಲ. ನೆರೆತ ಸುಬೇದಾರನೂ ಆಗತಾನೆ ಬಂದ ಆಂಗ್ಲ ತರುಣನಿಗೆ ಅಧೀನನಾಗಿರಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಭಾರತೀಯರಿಗೂ ಅಧಿಕಾರಿ ಪದವಿಯನ್ನು ಕೊಡಬೇಕೆಂಬ ಕೂಗೆದ್ದಾಗ ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿಯ ಏರ್ಪಾಡಾಯಿತು. ೧೯೧೮ರಲ್ಲಿ ಅಲ್ಲಿಗೆ ಆಯ್ಕೆಯಾದ ಮೊದಲ ತಂಡದಲ್ಲಿ ಕಾರ್ಯಪ್ಪನವರಿದ್ದರು. ೧೯೧೯ರ ಡಿಸೆಂಬರಿನಲ್ಲಿ ಅವರಿಗೆ ಅಧಿಕಾರಿ ಪದವಿಯೂ ದೊರೆಯಿತು. ಆದರೆ ಅದು ತಾತ್ಕಾಲಿಕ. ಕಾಯಂ ಆದೇಶವು ೧೯೨೨ರಲ್ಲಿ ಹೊರಟಾಗ, ಸೇವೆಯನ್ನು ೧೯೨೦ರ ಜುಲೈ ೧೭ರಿಂದ ಮಾತ್ರ ಎಣಿಸಲಾಯಿತು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಶಾಲೆಯಿಂದ ಜುಲೈ ೧೬ರಂದು ತೇರ್ಗಡೆಯಾದವರಿಗಿಂತ ಇವರು ಒಂದು ದಿನ ಕಿರಿಯರಾಗಿ ಉಳಿಯಬೇಕೆಂಬುದೇ ಅದರ ಉದ್ದೇಶ!

ಈ ಅನ್ಯಾಯಕ್ಕೆ ಕಾರ್ಯಪ್ಪನವರು ಕೊಟ್ಟ ಉತ್ತರ ಕಾಯಕವೊಂದೇ. ಮೆಸೊಪೊಟೇಮಿಯಾದಲ್ಲಿ ಸೇವೆ ಸಲ್ಲಿಸಿ, ಮುಂದೆ ರಜಪೂತ ರೆಜಿಮೆಂಟನ್ನು ಸೇರಿ ಅದನ್ನೇ ತಮ್ಮ ಮನೆಯೆಂದು ಬಗೆದರು. ೧೯೩೩ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜನ್ನು ಪ್ರವೇಶಿಸಿದ ಮೊದಲ ಭಾರತೀಯ ಅಧಿಕಾರಿ ಅವರು; ೧೯೪೨ರಲ್ಲಿ ಬೆಟಾಲಿಯನ್ನಿನ ನಾಯಕತ್ವವನ್ನು ವಹಿಸಿದ ಮೊದಲ ಭಾರತೀಯರೂ ಅವರೇ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್, ಬರ್ಮಾಗಳಲ್ಲಿ ದುಡಿದರು. ಮುಚ್ಚಿದ್ದ ಬಾಗಿಲುಗಳನ್ನು ಅವರು ಹೀಗೆ ಒಂದೊಂದಾಗಿ ತೆರೆದುದರಿಂದ ಹಿಂದೆ ಬರುವವರಿಗೆ ಹಾದಿ ಸುಗಮವಾಯಿತು.

೧೯೪೭ರಲ್ಲಿ ದೇಶ ಇಬ್ಭಾಗವಾದಾಗ ಸೇನೆಯೂ ಇಬ್ಭಾಗವಾಯಿತು. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕಂದಕದಲ್ಲಿ ಕಾದಿದವರು ಎರಡು ದೇಶಗಳ ಸೈನಿಕರಾದರು. ಆ ದುಃಖಕರವಾದ ಹಂಚಿಕೆಯ ಕಾರ್ಯದಲ್ಲಿ ಭಾರತದ ಪರವಾಗಿ ಕಾರ್ಯಪ್ಪನವರೂ ಭಾಗಿಗಳಾಗಿದ್ದರು. ಅದು ಮುಗಿಯುವ ಮೊದಲೇ ಕಾಶ್ಮೀರದಲ್ಲಿ ಯುದ್ಧ ಹೊತ್ತಿಕೊಂಡಿತು. ೧೯೪೮ರ ಜನವರಿಯಲ್ಲಿ ಪಶ್ಚಿಮ ಭಾಗದ ಸೇನೆಯ ಹೊಣೆ ಅವರಿಗೆ ಬಂದಿತು. ನೌಶೇರಾದಿಂದ ಮುನ್ನಡೆದು, ಕಳೆದುಕೊಂಡಿದ್ದ ಝಂಗರ್ ಅನ್ನು ನಮ್ಮ ಪಡೆಗಳು ಮರಳಿ ಪಡೆದವು. ಆ ನವೆಂಬರ್ ೧ರಂದು ೧೧,೦೦೦ ಅಡಿಗೂ ಮೀರಿದ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನೇರಿಸಿ ಶತ್ರುಗಳನ್ನು ಚದುರಿಸಿದುದು ಯುದ್ಧಚರಿತ್ರೆಯಲ್ಲಿ ಅಪೂರ್ವವಾದ ಸಾಹಸ. ಅಲ್ಲಿಯ ಪಡೆಗಳ ಮುಂದಾಳು ಜನರಲ್ ತಿಮ್ಮಯ್ಯನವರು, ಅವರೂ ಕೊಡಗಿನವರೇ. ಇದರಿಂದ ದ್ರಾಸ್, ಕಾರ್ಗಿಲ್‌ಗಳು ಕೈಸೇರಿ ಲೇಹದ ದಾರಿ ತೆರೆಯಿತು.

ದಂಡನಾಯಕರಾದ ಬಳಿಕ ಕಾರ್ಯಪ್ಪನವರ ಮುಂದಿದ್ದ ಕಾರ್ಯ ಯುದ್ಧಕ್ಕಿಂತ ಕಠಿಣವಾದುದು. ಪರರಾಜ್ಯದ ರಕ್ಷಣೆಗಾಗಿ ಕಟ್ಟಿದ್ದ ಸೇನೆಯನ್ನು ಪ್ರಜೆಗಳ ಸೇನೆಯನ್ನಾಗಿಸಬೇಕಾಗಿತ್ತು. ಹಳೆಯ ರೆಜಿಮೆಂಟುಗಳಲ್ಲಿ ಬಹುಪಾಲು ಜಾತಿ, ಪ್ರಾಂತಗಳ ಲೆಕ್ಕದಲ್ಲಿ ಜನರನ್ನು ಸೇರಿಸಿಕೊಳ್ಳುವ ಪದ್ಧತಿಯಿತ್ತು. ೧೯೪೯ರಲ್ಲಿ ಅವರು ರಚಿಸಿದ ಗಾರ್ಡ್ಸ್ ಪಡೆಯಲ್ಲಿ ಎಲ್ಲ ಜಾತಿಯ, ಎಲ್ಲ ಪ್ರಾಂತದ ಯುವಕರೂ ಒಂದಾಗಿ ನಿಂತರು. ಕುಲವನ್ನು ಕೇಳದೆ ಕಾಯಕವನ್ನು ನೋಡುವ ಶರಣರ ನಾಡಿಗೆ ಇದರ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೈನಿಕನು ರಾಜಕೀಯದಿಂದ ದೂರವಿರಬೇಕು, ಪ್ರಜೆಗಳು ಆರಿಸಿದ ಸರಕಾರಕ್ಕೆ ವಿಧೇಯನಾಗಿರಬೇಕು ಎಂಬುದು ಅವರ ದೃಢವಾದ ನಿಲುವು. ನೆರೆಯ ದೇಶಗಳಲ್ಲಿ ಸೇನಾನಿಗಳೇ ಸಿಂಹಾಸನವನ್ನೇರಿದ ಕಾಲದಲ್ಲಿಯೂ ನಮ್ಮ ಸೇನೆ ಆ ಮಾರ್ಗವನ್ನು ತುಳಿಯಲಿಲ್ಲ. ಅವರೂ ೧೯೫೩ರ ಜನವರಿ ೧೪ರಂದು ಶಾಂತವಾಗಿ ಅಧಿಕಾರವನ್ನು ಬಿಟ್ಟುಕೊಟ್ಟರು. ಬಳಿಕ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ೧೯೫೬ರವರೆಗೆ ದೇಶದ ರಾಯಭಾರಿಯಾಗಿದ್ದರು.

ಅವರ ಬಾಳಿನ ಅತಿ ಕಠಿಣವಾದ ಪರೀಕ್ಷೆ ಬಂದುದು ನಿವೃತ್ತಿಯ ಅನಂತರ. ೧೯೬೫ರ ಯುದ್ಧದ ಕೊನೆಯ ದಿನಗಳಲ್ಲಿ, ವಾಯುಸೇನೆಯಲ್ಲಿದ್ದ ಮಗ ನಂದಾ ಕಾರ್ಯಪ್ಪನವರ ವಿಮಾನವನ್ನು ಶತ್ರುಗಳು ಹೊಡೆದುರುಳಿಸಿದರು, ಮಗ ಸೆರೆಯಾದರು. ಪಾಕಿಸ್ತಾನದ ಅಂದಿನ ಅಧ್ಯಕ್ಷ ಅಯೂಬ್ ಖಾನರು ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದವರು. ಹಳೆಯ ವಿಶ್ವಾಸದಿಂದ ಅವರು, ಮಗನನ್ನು ಬಿಡುಗಡೆ ಮಾಡಲು ಸಿದ್ಧವೆಂದು ತಿಳಿಸಿದರು. ಮಡಿಕೇರಿಯ ಮನೆಯಲ್ಲಿದ್ದ ವೃದ್ಧ ತಂದೆ ಅದಕ್ಕೆ ಒಪ್ಪಲಿಲ್ಲ. ಸೆರೆಯಲ್ಲಿರುವ ಭಾರತದ ಸೈನಿಕರೆಲ್ಲರೂ ತಮಗೆ ಮಕ್ಕಳೇ. ಎಲ್ಲರಿಗೂ ಇಲ್ಲದ ಸೌಲಭ್ಯ ಒಬ್ಬನಿಗೆ ಬೇಡವೆಂದರು. ಯುದ್ಧ ನಿಂತ ಮೇಲೆ, ೧೯೬೬ರಲ್ಲಿ, ಇತರ ಸೆರೆಯಾಳುಗಳಂತೆಯೇ ಮಗನೂ ತಾಯ್ನಾಡಿಗೆ ಮರಳಿದರು. ಒಂದು ಮಾತಿನಿಂದ ಮಗನನ್ನು ಪಡೆಯಬಹುದಾಗಿದ್ದ ತಂದೆ ಆ ಮಾತನ್ನು ಆಡದೆ ತಿಂಗಳುಗಟ್ಟಲೆ ಕಾದುದು ಯಾವ ರಣರಂಗದ ಶೌರ್ಯಕ್ಕೂ ಕಡಿಮೆಯದಲ್ಲ.

೧೯೮೬ರಲ್ಲಿ, ೮೭ರ ಇಳಿವಯಸ್ಸಿನಲ್ಲಿ, ದೇಶವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. ಆ ಪದವಿಯನ್ನು ಅವರಿಗಿಂತ ಮೊದಲು ಪಡೆದವರು ಮಾಣಿಕ್ ಷಾ ಒಬ್ಬರೇ. ೧೯೯೩ರ ಮೇ ೧೫ರಂದು ಬೆಂಗಳೂರಿನಲ್ಲಿ ಅವರು ದೈವಾಧೀನರಾದರು. ಮಡಿಕೇರಿಯ ಮಣ್ಣಿನಲ್ಲಿ ಅಂತ್ಯಕ್ರಿಯೆ ನಡೆಯಿತು. ದಿಲ್ಲಿಯಲ್ಲೇ ನಡೆಯುತ್ತಿದ್ದ ಸೇನಾ ದಿನದ ಮುಖ್ಯ ಕವಾಯತು ೨೦೨೩ರಲ್ಲಿ ಮೊದಲ ಬಾರಿಗೆ ರಾಜಧಾನಿಯ ಹೊರಗೆ ಜರುಗಿತು. ಅದಕ್ಕೆ ಆಯ್ಕೆಯಾದ ನಗರ ಬೆಂಗಳೂರು ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಶಾಲೆಯ ಅಂಗಳದಲ್ಲಿ ಎನ್.ಸಿ.ಸಿ. ಉಡುಪು ತೊಟ್ಟು ಸಾಲಾಗಿ ನಿಲ್ಲುವ ಮಕ್ಕಳಿಗೆ ಜನವರಿ ೧೫ರ ಅರ್ಥವನ್ನು ತಿಳಿಸುವಾಗ ಕೋವಿ ಫಿರಂಗಿಗಳ ಕಥೆಯೊಂದೇ ಸಾಲದು. ತನಗಾದ ಅನ್ಯಾಯವನ್ನು ದುಡಿಮೆಯಿಂದ ಗೆದ್ದು, ದೊರೆತ ಅಧಿಕಾರವನ್ನು ದೇಶದ ಸೊತ್ತೆಂದು ಬಗೆದು, ಹೆತ್ತ ಮಗನಿಗೂ ಬೇರೆ ನ್ಯಾಯವನ್ನು ಬೇಡದ ಒಬ್ಬ ಹಿರಿಯರ ಬಾಳನ್ನೂ ಅವರಿಗೆ ಹೇಳಬೇಕು.